ಮದ್ದು ಬಿಡುವ ದಿನ: ಯಾರ ಮಾತಿಗೆ ಎಷ್ಟು ತೂಕ?

ಪ್ರಶ್ನೆ (ಬದಿಯಡ್ಕ): ಅಡಿಕೆಗೆ ಕೊಳೆರೋಗದ ಎರಡನೆಯ ಮದ್ದು ಬಿಡಬೇಕಾಗಿದೆ (ಸಿಂಪಡಿಸಬೇಕಾಗಿದೆ). ನಾಳೆ ಬಿಸಿಲೆಂದು ಎರಡು ಮೊಬೈಲ್ ಆ್ಯಪ್‌ಗಳು ಹೇಳುತ್ತಿದ್ದರೆ, ಹವಾಮಾನ ಇಲಾಖೆಯು ಜಿಲ್ಲೆಗೆ ಮಳೆಯ ಹಳದಿ ಎಚ್ಚರಿಕೆ ಕೊಟ್ಟಿದೆ. ಬಹುಮತವನ್ನು ನಂಬಬಹುದೇ?

ಉತ್ತರ (ಪೆರ್ಲ): ಎರಡೂ ಆ್ಯಪ್‌ಗಳು ಒಂದೇ ಮುನ್ಸೂಚನಾ ಮಾದರಿಯ ಲೆಕ್ಕವನ್ನು ತೋರಿಸುತ್ತಿದ್ದರೆ ಅವು ಎರಡು ಸಾಕ್ಷಿಗಳಲ್ಲ, ಒಂದೇ. ಹಲವು ಮೂಲಗಳ ಸಾಕ್ಷ್ಯವನ್ನು ಒಟ್ಟುಗೂಡಿಸಿ ಎಷ್ಟು ನಂಬಬಹುದೆಂದು ಲೆಕ್ಕ ಹಾಕುವ ಡೆಂಪ್‌ಸ್ಟರ್-ಶೇಫರ್ ಸಿದ್ಧಾಂತದ ಸಂಯೋಜನಾ ನಿಯಮವೂ ಮೂಲಗಳು ಪರಸ್ಪರ ಸ್ವತಂತ್ರವೆಂದೇ ಭಾವಿಸುತ್ತದೆ. ಮೂಲಗಳು ತೀವ್ರವಾಗಿ ಭಿನ್ನವಾದಾಗ ಅದು ವಿಚಿತ್ರ ಫಲಿತಾಂಶ ಕೊಡಬಲ್ಲದೆಂದು ಗಣಕವಿಜ್ಞಾನಿ ಲಾಟ್ಫಿ ಝಾದೆ 1979ರಲ್ಲೇ ತೋರಿಸಿದ್ದರು.

ಉತ್ತರ (ಮುಳ್ಳೇರಿಯ): ಎಚ್ಚರಿಕೆ ಇಡೀ ಜಿಲ್ಲೆಗೆ, ನಿಮ್ಮ ತೋಟಕ್ಕಲ್ಲ.

ಉತ್ತರ (ನೀರ್ಚಾಲು): ಸಾಧ್ಯತೆಯಷ್ಟೇ ಸಾಲದು, ನಷ್ಟವನ್ನೂ ತೂಗಿರಿ. ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಒಣಗುವ ಮೊದಲೇ ಮಳೆ ಸುರಿದರೆ ಮೈಲುತುತ್ತೂ ಕೂಲಿಯೂ ನೀರುಪಾಲು. ಮೊದಲ ಮದ್ದು ಬಿಟ್ಟು 40 ದಿನ ದಾಟಿರದಿದ್ದರೆ ಕಾಯುವುದೇ ಲೇಸು. ಆದರೆ ಮರ ಹತ್ತುವವರು ನಾಳೆ ತಪ್ಪಿದರೆ ಮತ್ತೆ ಎಂದು ಸಿಗುತ್ತಾರೆಂಬುದನ್ನು ಯಾವ ಆ್ಯಪೂ ಹೇಳುವುದಿಲ್ಲ, ಅದನ್ನು ಅವರಲ್ಲೇ ಕೇಳಿ ಲೆಕ್ಕಕ್ಕೆ ಸೇರಿಸಿರಿ.