‘ಪ್ರಾಥಮಿಕ’ ಲಿಂಫೋಮಾ: ಮೊದಲ ಹಂತದ್ದೋ, ಅಲ್ಲೇ ಹುಟ್ಟಿದ್ದೋ?

ಪದಾಸಕ್ತರಿಗೆ ನಮಸ್ಕಾರ.

ಅನ್ನನಾಳದ ಲಿಂಫೋಮಾ (ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್) ಕುರಿತು ರೋಗಿಗಳ ಮನೆಯವರಿಗಾಗಿ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪ್ರಾಥಮಿಕ ಅನ್ನನಾಳ ಲಿಂಫೋಮಾ’ ಎಂಬ ತಲೆಬರಹವೇ ತೊಡಕಾಗಿದೆ. ಓದಿದವರು ‘ಸದ್ಯ, ಪ್ರಾಥಮಿಕ ಹಂತದಲ್ಲೇ ಗೊತ್ತಾಯಿತು’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ವೈದ್ಯರ ಬಳಕೆಯಲ್ಲಿ ಈ ಪದಕ್ಕೂ ಹಂತಕ್ಕೂ ಸಂಬಂಧವಿಲ್ಲ. ಗಡ್ಡೆ ಬೇರೆಡೆಯಿಂದ ಹಬ್ಬಿ ಬಂದದ್ದಲ್ಲ, ಅನ್ನನಾಳದ ಗೋಡೆಯಲ್ಲೇ ಹುಟ್ಟಿದ್ದು ಎಂದಷ್ಟೇ ಅರ್ಥ.

ಈ ವ್ಯತ್ಯಾಸ ಸಣ್ಣದಲ್ಲ. ಅನ್ನನಾಳದಲ್ಲಿ ಕಾಣುವ ಲಿಂಫೋಮಾ ಹೆಚ್ಚಾಗಿ ಎದೆಯೊಳಗಿನ ದುಗ್ಧರಸ ಗ್ರಂಥಿಗಳಿಂದಲೋ ಜಠರದಿಂದಲೋ ಹಬ್ಬಿದ್ದಾಗಿರುತ್ತದೆ. ಅಲ್ಲೇ ಹುಟ್ಟಿದ್ದು ಜೀರ್ಣಾಂಗಗಳ ಲಿಂಫೋಮಾಗಳಲ್ಲಿ ಶೇ. 1ಕ್ಕಿಂತ ಕಡಿಮೆ. ಅಲ್ಲೇ ಹುಟ್ಟಿದ್ದೆನ್ನಲು ವೈದ್ಯ ಡಾಸನ್ ಮತ್ತು ಸಂಗಡಿಗರು 1961ರಲ್ಲಿ ಕೊಟ್ಟ ಮಾನದಂಡಗಳನ್ನು ಇಂದಿಗೂ ಉಲ್ಲೇಖಿಸುತ್ತಾರೆ: ಕೈಗೆ ತಗಲುವಂತೆ ಊದಿದ ಗ್ರಂಥಿಗಳಿರಬಾರದು, ಎದೆಯ ಎಕ್ಸ್-ರೇಯಲ್ಲಿ ಗ್ರಂಥಿಗಳು ಹಿಗ್ಗಿರಬಾರದು, ಬಿಳಿ ರಕ್ತಕಣಗಳ ಎಣಿಕೆ ಸರಿಯಿರಬೇಕು, ಯಕೃತ್ತು ಮತ್ತು ಗುಲ್ಮದಲ್ಲಿ ರೋಗವಿರಬಾರದು. ಅಂದ ಮೇಲೆ ‘ದುಗ್ಧರಸ ಗ್ರಂಥಿಗಳ ಕ್ಯಾನ್ಸರ್’ ಎಂಬ ಪತ್ರಿಕೆಗಳ ಪದವೂ ಇಲ್ಲಿ ನಿಲ್ಲದು. ಗ್ರಂಥಿ ಊದಿಲ್ಲದಿರುವುದೇ ಗುರುತಾದ ರೋಗಕ್ಕೆ ಗ್ರಂಥಿಯ ಹೆಸರಿಡುವುದೆಂತು! ಲಿಂಫೋಮಾ ಎಂದೇ ಉಳಿಸಿಕೊಂಡಿದ್ದೇನೆ.

ಬರೀ ‘ಅನ್ನನಾಳದ ಕ್ಯಾನ್ಸರ್’ ಎಂದರೆ ಪರೀಕ್ಷೆ, ಚಿಕಿತ್ಸೆಗಳ ಕಲ್ಪನೆಯೇ ದಾರಿ ತಪ್ಪುತ್ತದೆ. ಎಂಡೋಸ್ಕೋಪಿಯಲ್ಲಿ ಒಳಪೊರೆ ನುಣುಪಾಗಿಯೇ ಕಾಣಬಹುದು, ಗಡ್ಡೆ ಅದರ ಅಡಿಯಲ್ಲಿರುತ್ತದೆ. ಮೇಲುಮೇಲೆ ಚಿವುಟಿ ತೆಗೆದ ಬಯಾಪ್ಸಿಯಲ್ಲಿ ಏನೂ ಸಿಗದೆ ಹೋಗಬಹುದು. ಆಗ ಆಳದ ತುಣುಕು ಬೇಕು, ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಹಾಕಬೇಕು. ತುಣುಕಿನ ಕೋಶಗಳಲ್ಲಿ ಸಿಡಿ20 ಎಂಬ ಪ್ರೋಟೀನ್ ಮುಂತಾದ ಗುರುತುಗಳನ್ನು ನೋಡಿ ಬಗೆಯನ್ನು ನಿರ್ಧರಿಸುತ್ತಾರೆ. ಹೆಚ್ಚಾಗಿ ಕಾಣುವ ದೊಡ್ಡ ಬಿ-ಕೋಶದ ಬಗೆಯಾದರೆ ಸಾಮಾನ್ಯವಾಗಿ 21 ದಿನಗಳಿಗೊಮ್ಮೆ ಆರ್-ಚಾಪ್ ಎಂಬ ಐದು ಔಷಧಗಳ ಕೂಟದ ಕಿಮೋ, ಕೆಲವರಿಗೆ ವಿಕಿರಣವೂ ಉಂಟು. ಕತ್ತರಿ ಹಿಡಿಯುವುದು ನಾಳ ತೂತಾದಾಗ, ರಕ್ತಸ್ರಾವ ನಿಲ್ಲದಿದ್ದಾಗ.

ಈಗ ಪ್ರಶ್ನೆ. ‘ಪ್ರಾಥಮಿಕ’ದ ಬದಲು ಏನು ಬಳಸಲಿ? ‘ಮೂಲ ಲಿಂಫೋಮಾ’ ಎಂದರೆ ಮೂಲವ್ಯಾಧಿ ನೆನಪಾಗುತ್ತದೆ. ‘ಅನ್ನನಾಳಜನ್ಯ’ ಎಂದರೆ ಅನ್ನನಾಳವೇ ಕಾರಣ ಎಂಬಂತಾಗುತ್ತದೆ. ‘ಅನ್ನನಾಳ ಮೂಲದ ಲಿಂಫೋಮಾ’ ನನಗೆ ಒಪ್ಪುತ್ತದೆ. ಜೋಡಿಪದ ‘ದ್ವಿತೀಯಕ’ವನ್ನು ಎರಡನೇ ಹಂತವೆಂದು ಓದುವ ಅಪಾಯವಿರುವುದರಿಂದ ‘ಹಬ್ಬಿ ಬಂದ’ ಎಂದು ಬರೆದಿದ್ದೇನೆ, ಆದರೆ ಪಟ್ಟಿಯ ತಲೆಸಾಲಿನಲ್ಲಿ ಅದು ಸೊರಗುತ್ತದೆ. ಆಸ್ಪತ್ರೆಯ ವರದಿಗಳನ್ನು ಕನ್ನಡದಲ್ಲಿ ವಿವರಿಸುವವರು ಈ ಎರಡಕ್ಕೂ ಏನೆನ್ನುತ್ತಾರೆ?