ಡಗ್ಗದ ಗುಮ್ಮೇ ಇಲ್ಲ, ಸ್ಪೀಕರ್ ಕೇಬಲ್ ಬದಲಿಸಬೇಕಾ?

ಟಿಳಕವಾಡಿ, ಬೆಳಗಾವಿ:
ಮನೆಗೆ ಬಣ್ಣ ಹಚ್ಚಿಸಿದ ಮೇಲೆ ಆಂಪ್ಲಿಫೈಯರನ್ನು ಹಾಲ್‌ನ ಇನ್ನೊಂದು ಮೂಲೆಗೆ ಇಟ್ಟೆ. ಒಂದೊಂದು ಸ್ಪೀಕರ್‌ಗೂ 12 ಮೀಟರ್ ವೈರ್ ಎಳೆದೆ. ಮನೆಯಲ್ಲೇ ಬಿದ್ದಿದ್ದ ತೆಳ್ಳನೆಯದು, 0.5 ಚದರ ಮಿ.ಮೀ. ಅವತ್ತಿನಿಂದ ಸೌಂಡ್ ಸತ್ತ ಹಾಗಿದೆ. ಕುಮಾರ ಗಂಧರ್ವರನ್ನು ಹಾಕಿದರೆ (ನಮ್ಮ ಸುಳೇಭಾವಿಯವರು, ಬೆಳಿಗ್ಗೆ ಅವರು ಬೇಕೇ ಬೇಕು) ದನಿ ಎದುರಿಗೆ ನಿಲ್ಲುವುದಿಲ್ಲ, ಎಲ್ಲಿಂದಲೋ ತೇಲಿ ಬರುತ್ತೆ, ತಬಲಾದಲ್ಲಿ ಡಗ್ಗವಂತೂ (ಎಡಗೈಯಲ್ಲಿ ಬಾರಿಸುವ, ಗುಮ್ ಅನ್ನುವ ದೊಡ್ಡದು) ಇಲ್ಲವೇ ಇಲ್ಲ. ಅಂಗಡಿಯವರು 14 ಸಾವಿರದ ಕೇಬಲ್ ಹಾಕಿ ಅಂತಾರೆ. ಹಾಕಲಾ?

ನವನಗರ, ಬಾಗಲಕೋಟೆ:
ಸದ್ಯ ದುಡ್ಡು ಕೊಡಬೇಡಿ. ಒಂದು ಸ್ಪೀಕರ್‌ನಲ್ಲಿ ಪ್ಲಸ್ ಮೈನಸ್ ಅದಲುಬದಲಾಗಿದೆ ಅಂತ ನನಗೆ ಬಲವಾಗಿ ಅನ್ನಿಸುತ್ತೆ. ಹಾಗಾದಾಗ ಒಂದು ಸ್ಪೀಕರ್‌ನ ಕೋನ್ (ಸದ್ದು ಮಾಡುತ್ತಾ ಅಲುಗಾಡುವ ಭಾಗ) ಮುಂದೆ ಬಂದರೆ ಇನ್ನೊಂದರದು ಹಿಂದೆ ಹೋಗುತ್ತೆ, ಎರಡರ ಬಾಸ್ (ತಗ್ಗಿನ ಸದ್ದು) ಒಂದನ್ನೊಂದು ನುಂಗಿಬಿಡುತ್ತೆ, ಗಾಯಕರ ದನಿ ನಡುವೆ ನಿಲ್ಲುವುದಿಲ್ಲ. ನೀವು ಹೇಳಿದ್ದೂ ಅದನ್ನೇ ಅಲ್ವಾ? ಆಂಪ್ಲಿಫೈಯರ್ ಕಡೆಯ ತುದಿಗಳನ್ನು ಬಿಚ್ಚಿ, 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಸೆಲ್‌ನ ಪ್ಲಸ್, ಸ್ಪೀಕರ್‌ನ ಕೆಂಪು ಟರ್ಮಿನಲ್‌ಗೆ ಹೋಗುವ ತಂತಿಗೆ ತಾಗಿದರೆ ಕೋನ್ ಹೊರಗೆ ಬರಬೇಕು.

ಹಾಗಂತ ವೈರ್ ತೆಳ್ಳಗಿರುವುದೂ ಸರಿಯಲ್ಲ. 12 ಮೀಟರ್ ಅಂದರೆ ಹೋಗಿ ಬರುವ ದಾರಿ 24 ಮೀಟರ್. 0.5ರ ತಾಮ್ರದಲ್ಲಿ ಅದರ ತಡೆ (ರೆಸಿಸ್ಟೆನ್ಸ್) ಸುಮಾರು 0.9 ಓಮ್ ಆಗುತ್ತೆ, 8 ಓಮ್ ಸ್ಪೀಕರ್‌ಗೆ ಇದು ಜಾಸ್ತಿ. 2.5 ಚದರ ಮಿ.ಮೀ. ಹಾಕಿದರೆ 0.2 ಓಮ್ ಒಳಗೇ ಮುಗಿಯುತ್ತೆ. ಆದರೆ ವೈರ್ ತೆಳ್ಳಗಿದ್ದರೆ ಬಾಸ್ ಸಡಿಲ ಆಗುತ್ತೆ, ಮಾಯ ಆಗುವುದಿಲ್ಲ. ಅದಕ್ಕೇ ಮೊದಲು ಕನೆಕ್ಷನ್ ನೋಡಿ ಅಂದದ್ದು. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ, ಬೇಡ.

ವಿಜಯಪುರ:
ನಾನು ದುಬಾರಿ ಕೇಬಲ್ ಹಾಕಿದವನು. ಹಾಕಿದ ದಿನ ಫರಕು ಚೆನ್ನಾಗಿ ಕೇಳಿಸಿತ್ತು. ವರ್ಷದ ಮೇಲೆ ಹಳೆಯ ವೈರ್‌ನ ತುದಿ ನೋಡಿದೆ, ಕಪ್ಪಗಾಗಿ, ಅಂಚಿಗೆ ಹಸಿರು ಕಟ್ಟಿತ್ತು. ಒಂದು ಇಂಚು ಕತ್ತರಿಸಿ, ಹೊಸದಾಗಿ ಸುಲಿದು, ಬಿಗಿಯಾಗಿ ತಿರುಗಿಸಿ ಹಾಕಿದೆ. ಮನೆಯವರಿಗೆ ಹೇಳದೆ ಎರಡನ್ನೂ ಬದಲಿಸಿ ಬದಲಿಸಿ ಕೇಳಿಸಿದೆ, ಯಾವುದು ಯಾವುದು ಅಂತ ಯಾರಿಗೂ ಗೊತ್ತಾಗಲಿಲ್ಲ. ಸ್ಪೀಕರ್‌ಗಳನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ತಂದು, ನೆಲಕ್ಕೆ ಜಮಖಾನ ಹಾಸಿದಾಗ ಮಾತ್ರ ಎಲ್ಲರಿಗೂ ಗೊತ್ತಾಯಿತು. ಗೋಲಗುಮ್ಮಟ ಇರೋ ಊರಿನವರಿಗೆ ಗೋಡೆ ಏನು ಮಾಡುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ.

ಟಿಳಕವಾಡಿ, ಬೆಳಗಾವಿ:
ಸೆಲ್ ಹಿಡಿದು ನೋಡಿದೆ, ಬಲಗಡೆಯದು ಒಳಕ್ಕೆ ಹೋಯಿತು! ವೈರ್‌ನ ಎರಡೂ ಎಳೆ ಒಂದೇ ಬಣ್ಣ, ಒಂದರ ಮೇಲೆ ಮಾತ್ರ ಸಣ್ಣ ಗೆರೆ, ಅದನ್ನು ಗಮನಿಸಿರಲಿಲ್ಲ. ತಿರುಗಿಸಿ ಹಾಕಿದ ಕೂಡಲೇ ಡಗ್ಗ ಬಂತು, ದನಿಯೂ ನಡುವೆ ಬಂದು ಕೂತಿತು. ತುಂಬಾ ಖುಷಿಯಾಯಿತು ಸರ್. ನಾಳೆ ಖಡೇಬಜಾರ್‌ಗೆ ಹೋಗಿ 2.5ರ ವೈರ್ ಕೆರೆದು ನೋಡಿಯೇ ತರುತ್ತೇನೆ. ಎರಡೂ ಕಡೆಗೆ 12 ಮೀಟರ್ ಸಮ ಇರಲೇಬೇಕಾ?

ನವನಗರ, ಬಾಗಲಕೋಟೆ:
ಬೇಕಂತಿಲ್ಲ. ಆ ದಪ್ಪಕ್ಕೆ ಎರಡು ಮೂರು ಮೀಟರ್ ಹೆಚ್ಚುಕಮ್ಮಿ ಕೇಳಿಸುವುದಿಲ್ಲ. ಗೆರೆ ಇರುವ ಎಳೆ ಎರಡೂ ತುದಿಯಲ್ಲಿ ಕೆಂಪಿಗೇ ಹೋಗಲಿ.