ಹೆರಾಲ್ಡ್‌ಗೆ ಜೋಡಿ ಎಸ್‌ಯು ಕಾರ್ಬೋರೇಟರ್: ಸ್ಲೋ ನಿಲ್ತಿಲ್ಲ, ನಟ್ ಇನ್ನೂ ಬಿಗಿ ಮಾಡಬೇಕಾ?

ಕೋಟೆ ಹೆರಾಲ್ಡ್, ಬಳ್ಳಾರಿ
ನಮಸ್ಕಾರ. ನಮ್ಮದು ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು, 948 ಸಿಸಿ. ಹಿಂದಿನ ಮಾಲೀಕರು ಒಂಟಿ ಸೋಲೆಕ್ಸ್ ಕಾರ್ಬೋರೇಟರ್ (ಪೆಟ್ರೋಲ್-ಗಾಳಿ ಬೆರೆಸೋದು) ತೆಗೆಸಿ ಜೋಡಿ ಎಸ್‌ಯು ಕಂಪನಿಯ ಎಚ್‌ಎಸ್2 ಹಾಕಿಸಿದ್ದಾರೆ. ಸ್ಲೋ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡೋದು, ನಿಲ್ತಿಲ್ಲ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸ್ವಲ್ಪ ಹೊತ್ತು ಜೋರಾಗೇ ಓಡುತ್ತೆ, ಆಮೇಲೆ ದಿಢೀರ್ ಅಂತ ಇಳಿದು ಆಫ್. ರಾಯಲ್ ಸರ್ಕಲ್ ಸಿಗ್ನಲ್‌ನಲ್ಲಿ ಹಿಂದಿನವರ ಹಾರ್ನ್ ಕೇಳಿ ಸಾಕಾಗಿದೆ. ಮುಂದಿನ ಎರಡು ಪ್ಲಗ್ ಕಪ್ಪು ಮಸಿ, ಹಿಂದಿನ ಎರಡು ಬಿಳಿ. ಇಲ್ಲಿನ ಒಂದು ಗ್ಯಾರೇಜಿನವರು ಕಾರ್ಬೋರೇಟರ್ ನಟ್ ಎರಡು ಸಲ ಬಿಗಿ ಮಾಡಿದರು. ಪ್ರತಿ ಸಲವೂ ಜಾಸ್ತಿನೇ ಆಯ್ತು. ಏನು ಮಾಡೋದು?

ಪಾನಾ ಮಾಮ, ರಾಯಚೂರು
ಮೊದಲು ಪಾನಾ ಕೆಳಗಿಡಿ ತಮ್ಮಾ. ಪ್ಲಗ್ಗೇ ಉತ್ತರ ಹೇಳ್ತಿದೆ. ಬಿಳಿ ಅಂದರೆ ಅಲ್ಲಿ ಗಾಳಿ ಜಾಸ್ತಿ. ಹಿಂದಿನ ಎರಡು, ಅಂದರೆ 3 ಮತ್ತು 4ನೇ ಸಿಲಿಂಡರ್‌ಗೆ ಹೆಚ್ಚಾಗಿ ಹಿಂದಿನ ಕಾರ್ಬೋರೇಟರಿನಿಂದಲೇ ಪೆಟ್ರೋಲ್-ಗಾಳಿ ಮಿಕ್ಸ್ಚರ್ ಹೋಗೋದು. ಅಲ್ಲಿ ಎಲ್ಲೋ ಕಳ್ಳಗಾಳಿ ಒಳಗೆ ಹೋಗ್ತಿದೆ. ಫ್ಲಾಂಜ್ (ಕಾರ್ಬೋರೇಟರನ್ನು ನಟ್ ಹಾಕಿ ಕೂರಿಸೋ ಚಪ್ಪಟೆ ಮುಖ) ಅಲ್ಯೂಮಿನಿಯಂದು. ಬಿಗಿ ಮಾಡಿದಷ್ಟೂ ಎರಡು ಕಿವಿ ಬಾಗಿ ನಡುವೆ ಸಂದು ಬಿಡುತ್ತೆ. ಪ್ಯಾಕಿಂಗ್ ದಪ್ಪ ಇದ್ದರಂತೂ ಕೇಳೋದೇ ಬೇಡ.

ಖಚಿತ ಮಾಡ್ಕೊಳ್ಳಿ. ಸ್ಲೋದಲ್ಲಿ ಓಡ್ತಿರುವಾಗ ಜಾಯಿಂಟ್ ಸುತ್ತ ಬ್ರಷ್‌ನಿಂದ ಎಂಜಿನ್ ಆಯಿಲ್ ಹಚ್ಚಿ. ಸದ್ದು ಬದಲಾದ ಜಾಗದಲ್ಲೇ ಲೀಕ್. ಪೆಟ್ರೋಲ್ ಚಿಮುಕಿಸಿ ನೋಡು ಅಂತ ಯಾರಾದ್ರೂ ಹೇಳಿದರೆ ಕಿವಿಗೆ ಹಾಕ್ಕೋಬೇಡಿ. ಈ ಎಂಜಿನ್‌ನಲ್ಲಿ ಬಿಸಿ ಹೊಗೆ ಹೋಗೋ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾರ್ಬೋರೇಟರಿನ ಕೆಳಗೇ ಇದೆ, ಬೆಂಕಿ ಹತ್ತೀತು.

ಗಂಗಾವತಿ ಫಿಯಟ್
ಸರ್, ನನ್ನ ಮಾತು ಕೇಳಿ, ವಾಪಸ್ ಒಂಟಿ ಸೋಲೆಕ್ಸ್ ಹಾಕಿಬಿಡಿ. ಈಗ ಬಂಕ್‌ನಲ್ಲಿ ಸಿಗೋದು ಇ20 (20% ಎಥೆನಾಲ್ ಬೆರೆಸಿದ ಪೆಟ್ರೋಲ್). ಹಳೇ ರಬ್ಬರ್ ಪೈಪ್ ಮೆತ್ತಗಾಗುತ್ತೆ, ಮಿಕ್ಸ್ಚರೂ ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ) ಆಗುತ್ತೆ. ಜೋಡಿ ಅಂದರೆ ತಲೆನೋವೂ ಜೋಡಿ.

ಕೋಟೆ ಹೆರಾಲ್ಡ್
ಆಯಿಲ್ ಹಚ್ಚಿದೆ ಮಾಮ. ಹಿಂದಿನ ಫ್ಲಾಂಜ್ ಹತ್ರ ಸದ್ದು ಇಳಿದು ಹೊಗೆ ಬಂತು. ಬಿಚ್ಚಿ ಸ್ಕೇಲ್ ಇಟ್ಟು ನೋಡಿದರೆ ನಡುವೆ ಬೆಳಕು ಕಾಣುತ್ತೆ.

ಪಾನಾ ಮಾಮ
ಅಷ್ಟೇ ನೋಡಿ. ದಪ್ಪ ಗಾಜಿನ ಮೇಲೆ ಎಮ್ರಿ ಪೇಪರ್ ಹಾಸಿ ಫ್ಲಾಂಜ್ ನಿಧಾನ ಉಜ್ಜಿ. ಮಧ್ಯಭಾಗಕ್ಕೂ ಹೊಳಪು ಬಂದರೆ ಸಮ ಆಯ್ತು ಅಂತ. ಪುಡಿ ಪೂರ್ತಿ ತೊಳೀರಿ. ಹೊಸ ತೆಳು ಪ್ಯಾಕಿಂಗ್ ಹಾಕಿ, ಎರಡೂ ನಟ್ ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದು ಹಿಡಿಸಿ. ಚಿಕ್ಕ ಪಾನಾ ಸಾಕು, ಪೈಪ್ ಸಿಕ್ಕಿಸಿ ಎಳೆಯೋ ಕೆಲಸ ಇದಲ್ಲ. ಕೈ ಹಾಕಿದ್ದೀರಲ್ಲ, ಥ್ರಾಟಲ್ ಶಾಫ್ಟ್ (ಗಾಳಿದಾರಿ ತೆರೆದು ಮುಚ್ಚೋ ಬಟರ್‌ಫ್ಲೈ ತಗಡಿನ ಕಡ್ಡಿ) ಅಲ್ಲಾಡಿಸಿ ನೋಡಿ. ಲೊಡಲೊಡ ಅಂದರೆ ಅಲ್ಲೂ ಗಾಳಿ ಎಳೆಯುತ್ತೆ, ಅದಕ್ಕೆ ಬುಷ್ಷೇ ಆಗಬೇಕು.

ಟ್ಯೂನಿಂಗ್‌ಗೆ ಮೊದಲು ಟ್ಯಾಪೆಟ್ (ವಾಲ್ವ್) ಸಂದು 10 ಥೌ (ಎಂಜಿನ್ ತಣ್ಣಗಿದ್ದಾಗ), ಡಿಸ್ಟ್ರಿಬ್ಯೂಟರ್ ಪಾಯಿಂಟ್ ಸಂದು 15 ಥೌ ಇಡಿ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ), ಕಿಡಿಯ ಟೈಮಿಂಗ್ ನೋಡಿ. ಇದು ಬಿಟ್ಟು ಕಾರ್ಬೋರೇಟರಿಗೆ ಹೋದರೆ ಸುಮ್ನೆ ಸುತ್ತಾಟ.

ಈಗ ಮುಖ್ಯ ವಿಷಯ. ಎರಡು ಕಾರ್ಬೋರೇಟರ್ ನಡುವಿನ ಶಾಫ್ಟಿನ ಕ್ಲಾಂಪ್ ಸಡಿಲ ಮಾಡಿ. ಅದು ಬಿಗಿ ಇರುವಾಗ ಒಂದರ ಸ್ಕ್ರೂ ತಿರುಗಿಸಿದರೆ ಇನ್ನೊಂದೂ ಏಳುತ್ತೆ, ಯಾವತ್ತೂ ಸರಿ ಹೋಗಲ್ಲ. ಸ್ಲೋ ಸ್ಕ್ರೂ ಎರಡನ್ನೂ ಪೂರ್ತಿ ಬಿಟ್ಟು, ತಾಗಿದಲ್ಲಿಂದ ಒಂದು ಸುತ್ತು ಒಳಗೆ ಕೊಡಿ. ಕಾರ್ಬೋರೇಟರ್ ಅಡಿಯ ಜೆಟ್ ನಟ್ ಮೇಲೆ ತಿರುಗಿಸಿ ಜೆಟ್‌ನ (ಪೆಟ್ರೋಲ್ ಬರೋ ಕೊಳವೆ) ಬಾಯಿ ಸೇತುವೆಗೆ (ಗಾಳಿದಾರಿಯಲ್ಲಿ ಜೆಟ್ ಸುತ್ತಿನ ಉಬ್ಬು) ಸಮ ಮಾಡಿ, ಅಲ್ಲಿಂದ ನಟ್‌ನ 12 ಮುಖ, ಅಂದರೆ ಎರಡು ಸುತ್ತು ಕೆಳಗೆ. ಎರಡಕ್ಕೂ ಅದೇ ಲೆಕ್ಕ. ಎಂಜಿನ್ ಬಿಸಿಯಾದ ಮೇಲೆ ಏರ್ ಕ್ಲೀನರ್ ತೆಗೆದು, ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೋರೇಟರ್ ಬಾಯಿಗೆ. ಎರಡರ ಸುಯ್ ಸದ್ದೂ ಒಂದೇ ಆಗೋವರೆಗೆ ಸ್ಲೋ ಸ್ಕ್ರೂ ಹೊಂದಿಸಿ.

ಆಮೇಲೆ ಮಿಕ್ಸ್ಚರ್. ಕಾರ್ಬೋರೇಟರ್ ಬದಿಯ ಲಿಫ್ಟ್ ಪಿನ್‌ನಿಂದ ಅದರೊಳಗಿನ ಪಿಸ್ಟನ್ ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ. ವೇಗ ಏರಿ ಹಾಗೇ ನಿಂತರೆ ರಿಚ್ (ಪೆಟ್ರೋಲ್ ಜಾಸ್ತಿ), ಜೆಟ್ ನಟ್ ಮೇಲಕ್ಕೆ. ಬಿದ್ದು ಸತ್ತರೆ ಲೀನ್, ಕೆಳಕ್ಕೆ. ಸ್ವಲ್ಪ ಏರಿ ತಕ್ಷಣ ಮೊದಲಿನಂತಾದರೆ ಸರಿ. ಒಂದು ಸಲಕ್ಕೆ ಒಂದೇ ಮುಖ. ಇ20ಗೆ ಒಂದೆರಡು ಮುಖ ಜಾಸ್ತಿ ಕೆಳಗೆ ಬೇಕಾಗಬಹುದು. ಗಂಗಾವತಿಯವರ ಮಾತಲ್ಲಿ ಅಷ್ಟು ನಿಜ, ಸೋಲೆಕ್ಸ್ ವಿಷಯ ಒಪ್ಪಲ್ಲ.

ಕೊನೆಗೆ ಕ್ಲಾಂಪ್. ಎರಡೂ ಬಟರ್‌ಫ್ಲೈ ಮುಚ್ಚಿರುವಾಗ ಎರಡು ಪಾನಾ ಹಿಡಿದು ಬಿಗಿ ಮಾಡಿ. ಒಂದರಿಂದಲೇ ತಿರುವಿದರೆ ಹಿತ್ತಾಳೆ ಶಾಫ್ಟ್ ತಿರುಚುತ್ತೆ.

ಕೋಟೆ ಹೆರಾಲ್ಡ್
ಸ್ಲೋ ನಿಂತಿದೆ! ಕ್ಲಾಂಪ್ ಕೂಡ ಹಿಂದಿನ ಬಟರ್‌ಫ್ಲೈ ಕೂದಲಷ್ಟು ತೆರೆದಿರುವಾಗಲೇ ಬಿಗಿ ಮಾಡಿದ್ದರು. ಆದರೆ ತೋರಣಗಲ್ಲು ಕಡೆ ಹೋದಾಗ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತೆ.

ಪಾನಾ ಮಾಮ
ಡ್ಯಾಶ್‌ಪಾಟ್ (ಕಾರ್ಬೋರೇಟರ್ ಪಿಸ್ಟನ್ ಮೇಲಿನ ಡಬ್ಬ) ಆಯಿಲ್ ನೋಡಿ, ಎಸ್‌ಎಇ 20 ಗ್ರೇಡಿನದು ಹಾಕಿ. ಡ್ಯಾಂಪರ್ (ಅದರ ಮುಚ್ಚಳದ ಕಡ್ಡಿ) ಕೆಳಗಿಳಿಸುವಾಗ ಮುಚ್ಚಳ ಕೂರಲು ಇನ್ನೂ ಕಾಲು ಇಂಚು ಇರುವಾಗಲೇ ತಡೆ ಸಿಗಬೇಕು. ಅಲ್ಲಿ ಅದಿರು ಲಾರಿಗಳ ಧೂಳು ಬೇರೆ, ಏರ್ ಕ್ಲೀನರ್ ಇಲ್ಲದೆ ಆ ಕಡೆ ಹೋಗಲೇಬೇಡಿ. ಪಿಸ್ಟನ್ ತೆಗೆದು ಒರೆಸುವಾಗ ಮುಂದಿನದು ಹಿಂದಿನದಕ್ಕೆ ಅದಲುಬದಲು ಮಾಡಬೇಡಿ, ಅವು ಅವುಗಳ ಡಬ್ಬಕ್ಕೇ ಕೂರುವಂತೆ ಮಾಡಿರೋವು.

ಕೋಟೆ ಹೆರಾಲ್ಡ್
ಮುಂದೆ-ಹಿಂದೆ ಗುರುತು ಹಾಕಿ ಬಿಚ್ಚಿದೆ. ಹಿಂದಿನದರಲ್ಲಿ ಆಯಿಲ್ಲೇ ಇರಲಿಲ್ಲ ಮಾಮ.